ಅಳು ಬರುವ ತನಕ

ಉಟ್ಕೂರಿನ ಸುತ್ತಲ ಹತ್ತು ಹಳ್ಳಿಗಳಲ್ಲಿ ಕೂಸಿಗೆ ಜ್ವರ ಬಂದರೆ ಜನ ಮೊದಲು ಓಡುತ್ತಿದ್ದದ್ದು ಮೈಲಮ್ಮನ ಅಂಗಳಕ್ಕೆ. ಡಾಕ್ಟರು ಆಮೇಲೆ. ಕೂಸು ಬದುಕಿದರೆ ಪುಣ್ಯವೆಲ್ಲ ಮೈಲಮ್ಮನಿಗೆ, ಸತ್ತರೆ ಪಾಪವೆಲ್ಲ ಡಾಕ್ಟರಿಗೆ. ಮೂವತ್ತು ವರ್ಷ ಈ ಏರ್ಪಾಡಿಗೆ ಯಾರೂ ತಕರಾರು ತೆಗೆಯಲಿಲ್ಲ. ಹೇಳುವ ಬಾಯಿ ಬರದವರ ಮೇಲೆ ನಡೆಯುವ ಕಸುಬಿಗೆ ತಕರಾರು ಎಲ್ಲಿಂದ ಬರಬೇಕು?

ಕಸುಬು ಎಂದರೆ ಬರೆ ಹಾಕುವುದು. ಅವಳ ಹತ್ತಿರ ಗೇಣುದ್ದದ ಒಂದು ಕಬ್ಬಿಣದ ಕಡ್ಡಿ ಇತ್ತು, ತುದಿ ಕಡಲೆಕಾಳಿನಷ್ಟು ದುಂಡಗೆ. ಅವಳ ಅತ್ತೆ ಅದರಿಂದ ಕುರಿಮರಿಗಳಿಗೆ ಬರೆ ಹಾಕುತ್ತಿದ್ದಳು. ಮೈಲಮ್ಮ ಮನುಷ್ಯರ ಮರಿಗಳಿಗೂ ಹಾಕಿದಳು. ತುದಿ ಕೆಂಪಾಗುವಷ್ಟರಲ್ಲಿ ಇನ್ನೊಂದು ಕೊನೆಯೂ ಕಾಯುತ್ತಿದ್ದುದರಿಂದ ಅಲ್ಲಿಗೆ ದಪ್ಪ ಕಂಬಳಿಯ ಚೂರು ಸುತ್ತಿದ್ದಳು. ಸುಡುವುದು ಕೂಸಿನ ಹೊಟ್ಟೆ ಮಾತ್ರ ಆಗಿರಬೇಕು, ತನ್ನ ಕೈ ಅಲ್ಲ.

ಅತ್ತೆ ಹೇಳಿಕೊಟ್ಟ ನೇಮ ಸರಳವಾಗಿತ್ತು. ಹೊಕ್ಕುಳ ಪಕ್ಕ ಒಂದು ಬರೆ. ಕೂಸು ಅತ್ತರೆ ಅಳುವಿನ ಜೊತೆ ಜ್ವರ ಹೊರಗೆ ಹೋಯಿತು. ಅಳದಿದ್ದರೆ ಇನ್ನೊಂದು. ಅಳು ಬರುವ ತನಕ ನಿಲ್ಲಿಸಬಾರದು. ಕೆಂಡದಂಥ ಕಬ್ಬಿಣ ತಾಗಿದರೆ ಯಾವ ಕೂಸು ತಾನೇ ಅಳುವುದಿಲ್ಲ? ಊರು ಹಾರಿಹೋಗುವ ಹಾಗೆ ಅಳುತ್ತಿದ್ದವು. ಮೈಲಮ್ಮ ಕೂಡಲೇ ಕಡ್ಡಿ ಎತ್ತಿ, ಕೂಸಿನ ತುಟಿಗೆ ಬೆಲ್ಲ ಹಚ್ಚಿ, "ಹೋತು ನೋಡವ್ವ, ಮನಿಗೆ ಹೋಗು" ಎಂದು ತಾಯಿಯನ್ನು ಕಳಿಸುತ್ತಿದ್ದಳು. ಹೀಗಾಗಿ ನೇಮದ ಎರಡನೇ ಅರ್ಧ ಯಾರ ಮೇಲೂ ನಡೆದಿರಲಿಲ್ಲ. ನಡೆದದ್ದು ಅವಳ ಮನೆಯಲ್ಲೇ.

ಮೈಲಮ್ಮ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು. ಅವಳಿಗೆ ಒಬ್ಬಳೇ ಮಗಳು, ತುಳಸಮ್ಮ. ತಾಯಿ ಸತ್ತ ಮೇಲೆ ತಾನೇ ಎತ್ತಿ ಆಡಿಸಿ ಬೆಳೆಸಿದ ಕೊನೆಯ ತಮ್ಮ ಯಂಕಣ್ಣ. ಮಗಳೂ ಮನೆ ಬಿಡಬಾರದು, ತಮ್ಮನೂ ಬಿಡಬಾರದು, ಕುರಿಗಳೂ ಒಂದೇ ದೊಡ್ಡಿಯಲ್ಲಿರಬೇಕು. ಇಷ್ಟಕ್ಕೆಲ್ಲ ಒಂದೇ ಉಪಾಯ ಎಂದು ಇಬ್ಬರನ್ನೂ ಮಣೆಯ ಮೇಲೆ ಕೂರಿಸಿ ಅಕ್ಷತೆ ಹಾಕಿಸಿದಳು. ಆ ಕಡೆ ಸೋದರಮಾವನಿಗೆ ಹೆಣ್ಣು ಕೊಡುವುದು ಹೊಸದೇನಲ್ಲ. ತುಳಸಮ್ಮನನ್ನು ಯಾರೂ ಕೇಳಲಿಲ್ಲ.

ಅವರ ಮೊದಲ ಕೂಸು ಗಂಡು. ಎರಡು ಸಾವಿರದ ಎಂಟರ ಬೇಸಿಗೆಯಲ್ಲಿ, ಆರು ತಿಂಗಳಿದ್ದಾಗ, ಅದಕ್ಕೆ ಮೈ ಕೆಂಡವಾಗುವ ಜ್ವರ ಬಂತು. ಮೈಲಮ್ಮ ಮೂರು ಬರೆ ಹಾಕಿದಳು. ಕೂಸು ಅಳಲಿಲ್ಲ. ನಾಲ್ಕನೆಯದಕ್ಕೆ ಕಡ್ಡಿ ಕಾಯಿಸುತ್ತಿರುವಾಗ ಅದರ ಉಸಿರೇ ನಿಂತಿತು. "ಮೈಲಾರಲಿಂಗ ತನ್ನ ಕೂಸನ್ನ ತಾನ ಕರಕೊಂಡ" ಎಂದಳು ಮೈಲಮ್ಮ. ದೇವರ ಹೆಸರು ಬಂದ ಮೇಲೆ ಯಾರು ಏನು ಮಾತಾಡುತ್ತಾರೆ.

ಮುಂದಿನ ವರ್ಷದ ಡಿಸೆಂಬರಿನಲ್ಲಿ, ತೆಲಂಗಾಣ ಕೊಡುತ್ತೇವೆ ಎಂಬ ಮಾತು ದಿಲ್ಲಿಯಿಂದ ಬಂದ ವಾರ, ಅಖಿಲಾ ಹುಟ್ಟಿದಳು. ಯಂಕಣ್ಣ ಮಕ್ತಲಿನಲ್ಲಿ ಕುಣಿದು ಬಂದವನು ಮಗಳ ಮುಖಕ್ಕೆ ಗುಲಾಲು ಹಚ್ಚಲು ಹೋಗಿ ಹೆಂಡತಿಯಿಂದ ಬೈಸಿಕೊಂಡ. ಕೂಸು ಗುಂಡುಗುಂಡಗೆ ಇತ್ತು, ನಗುತ್ತಿತ್ತು. ಸೂಜಿ ಹಾಕಲು ಬಂದ ನರ್ಸಮ್ಮ, "ಇಂಥ ಶಾಣ್ಯಾ ಕೂಸು ಎಲ್ಲೂ ನೋಡಿಲ್ಲ, ಸೂಜಿ ಚುಚ್ಚಿದ್ರೂ ನಗ್ತಾಳ" ಎಂದಳು. ಮನೆಯವರೆಲ್ಲ ಹಿಗ್ಗಿದರು. ಹೆದರಬೇಕಾದ ಮಾತಿಗೆ ಹಿಗ್ಗಿದರು.

ಮೇ ತಿಂಗಳು ಬಂತು, ಜ್ವರವೂ ಬಂತು. ಮೈ ಒಣಗಿ ಕಾದಿತ್ತು, ಒಂದು ಹನಿ ಬೆವರಿಲ್ಲ. ಮೈಲಮ್ಮ ಒಲೆಗೆ ಕಡ್ಡಿ ಇಟ್ಟಳು. ಪಕ್ಕದ ಮನೆಯ ಮೊಗುಲಮ್ಮ ಕೂಸಿನ ಕಾಲು ಹಿಡಿದಳು. ಮೊದಲ ಬರೆ ಬಿತ್ತು. ಕೂಸು ಅಜ್ಜಿಯ ಮುಖ ನೋಡಿತು. ಎರಡು ಬಿತ್ತು, ಮೂರು ಬಿತ್ತು. ಅದು ಕೈಚಾಚಿ ಅಜ್ಜಿಯ ಕೊರಳ ಸರ ಹಿಡಿಯಲು ನೋಡಿತು.

"ಅಳಾಕ ಒಲ್ಲದು. ಇನ್ನೊಂದು ಹಾಕವ್ವ" ಎಂದಳು ಮೊಗುಲಮ್ಮ.

ಮೈಲಮ್ಮನಿಗೆ ಹಟ ಹತ್ತಿತು. ಮೊದಲನೆಯದನ್ನು ಮೂರಕ್ಕೇ ಬಿಟ್ಟು ಕಳೆದುಕೊಂಡೆ, ಇದನ್ನು ಬಿಡಲಾರೆ ಎಂದು ಅವಳ ಮನಸ್ಸು. ಪ್ರೀತಿಯೇ ಇತ್ತು, ಅದೇ ಇಲ್ಲಿ ಘೋರ. ಒಂದೊಂದು ಬರೆಯೂ ಹಿಂದಿನದಕ್ಕಿಂತ ಹೆಚ್ಚು ಹೊತ್ತು ಕೂತಿತು. ಏಳನೆಯದಕ್ಕೆ ತುಳಸಮ್ಮ, "ಸಾಕು ಮಾಡವ್ವ! ಸುಟ್ಟ ವಾಸನಿ ಬರಾಕ ಹತ್ತೈತಿ!" ಎಂದು ಚೀರಿ, ಕೂಸನ್ನು ಕಿತ್ತುಕೊಂಡು ಹಿತ್ತಲಿಗೆ ಓಡಿ, ಏನು ಮಾಡಬೇಕೋ ತಿಳಿಯದೆ ಕುರಿಗಳ ನೀರಿನ ತೊಟ್ಟಿಯಲ್ಲಿ ಕುತ್ತಿಗೆಯ ತನಕ ಅದ್ದಿದಳು. ಅರ್ಧ ಗಂಟೆಯಲ್ಲಿ ಮೈ ತಣ್ಣಗಾಗಿ ಕೂಸು ಮೊಲೆ ಹಿಡಿಯಿತು.

"ಏಳನೇದು ಹಿಡೀತು ನೋಡು" ಎಂದಳು ಮೈಲಮ್ಮ, ಮುಖ ಒರೆಸಿಕೊಳ್ಳುತ್ತ. ಅದನ್ನು ನಂಬಿದಳು ಕೂಡ.

ಮರುವರ್ಷದ ಹೊತ್ತಿಗೆ ಅಖಿಲಾಗೆ ಹಲ್ಲು ಪೂರಾ ಬಂದಿದ್ದವು. ಬಂದ ಹಲ್ಲಿನಿಂದ ಅವಳು ಮೊದಲು ಕಡಿದದ್ದು ತನ್ನ ನಾಲಿಗೆಯನ್ನೇ. ಒಂದು ಬೆಳಿಗ್ಗೆ ಬಾಯಿ ತುಂಬ ರಕ್ತ ತುಂಬಿಕೊಂಡು, ನಗುತ್ತ, ತಾಯಿಯ ಕಡೆ ಪುಟುಪುಟು ಹೆಜ್ಜೆ ಹಾಕಿಕೊಂಡು ಬಂದಳು. ತೆಲಂಗಾಣಕ್ಕಾಗಿ ಎಲ್ಲರೂ ಕೆಲಸ ಬಿಟ್ಟು ಕೂತ ಮುಷ್ಕರದ ದಿನಗಳವು, ರಸ್ತೆಯಲ್ಲಿ ಒಂದು ಬಸ್ಸಿಲ್ಲ. ರಾಯಚೂರಿನ ಸಂತೆಗೆ ಕುರಿ ಹೇರಿಕೊಂಡು ಹೊರಟಿದ್ದ ಗಾಡಿಯಲ್ಲಿ, ಕುರಿಗಳ ನಡುವೆ ಕೂತು, ಮಕ್ತಲ್ ದಾಟಿ, ಕೃಷ್ಣಾ ಸೇತುವೆ ದಾಟಿ, ಮನೆಮಂದಿಯೆಲ್ಲ ರಾಯಚೂರು ಸೇರಿದರು.

ಆಸ್ಪತ್ರೆಯಲ್ಲಿ ಒಬ್ಬ ಲೇಡಿ ಡಾಕ್ಟರು ಕೂಸಿನ ಪಾದಕ್ಕೆ ಸೂಜಿಯಿಂದ ಚುಚ್ಚಿ ನೋಡಿದರು, ಬಿಸಿನೀರಿನ ಕೊಳವೆ ತಾಗಿಸಿ ನೋಡಿದರು, ಐಸು ಇಟ್ಟು ನೋಡಿದರು. ಅಖಿಲಾ ಡಾಕ್ಟರ ಕೊರಳಲ್ಲಿದ್ದ ನಳಿಗೆಯ ಜೊತೆ ಆಟವಾಡುತ್ತಿದ್ದಳು.

"ಗಂಡ ಹೆಂಡ್ತಿ ಸಂಬಂಧದಾಗ ಏನಾಗಬೇಕು?" ಎಂದು ಡಾಕ್ಟರು ಕೇಳಿದರು.

"ಅಕ್ಕನ ಮಗಳ್ರಿ. ನಮ್ಮಕ್ಕನs ಮಾಡ್ಯಾಳ್ರಿ ಲಗ್ನ" ಎಂದು ಯಂಕಣ್ಣ ಮೈಲಮ್ಮನನ್ನು ತೋರಿಸಿದ. ಡಾಕ್ಟರು ಪೆನ್ನು ಕೆಳಗಿಟ್ಟರು.

ಆಮೇಲೆ ಅವರು ಹೇಳಿದ್ದನ್ನು ಮೈಲಮ್ಮ ಸಾಯುವ ತನಕ ಮರೆಯುವ ಹಾಗಿರಲಿಲ್ಲ. "ನೋಡವ್ವ, ನೋವು, ಬಿಸಿ, ತಂಪು ಹೇಳೋ ನರ ಬ್ಯಾರೇನ ಇರ್ತಾವ. ಕೂಸು ಹೊಟ್ಟ್ಯಾಗ ಇದ್ದಾಗ ಅವು ಬೆಳಕೋತ ಚರ್ಮದ ಕಡೆ ಬರ್ತಾವ. ಚರ್ಮ ಅವಕ್ಕ ಒಂದು ಪೋಷಕ ರಸ ಕೊಡ್ತೈತಿ. ಕುಡದ್ರ ಬದುಕ್ತಾವ, ಇಲ್ಲಾಂದ್ರ ಸಾಯ್ತಾವ. ಈ ಕೂಸಿನ ಚರ್ಮ ರಸ ಕೊಟ್ಟೈತಿ. ಅದನ್ನ ಕುಡಿಯೋ ಬಾಯಿನs ಆ ನರಕ್ಕ ಹುಟ್ಟಿಲ್ಲ. ಇಬ್ಬರದೂ ಒಂದs ರಕ್ತ ನೋಡ್ರಿ, ಅದs ಕೊರತಿ ಇಬ್ಬರ ಕಡಿಂದನೂ ಬಂದು ಕೂಸಿನಾಗ ಕೂಡೇತಿ."

ಮೈಲಮ್ಮ ಕುರಿ ಸಾಕಿದವಳು. ಬಾಯಿ ಕೂಡಿಕೊಂಡು ಹುಟ್ಟಿದ ಮರಿ ತುಂಬಿದ ಕೆಚ್ಚಲಿನ ಪಕ್ಕದಲ್ಲೇ ಒಣಗಿ ಸಾಯುವುದನ್ನು ಕಂಡಿದ್ದಳು. ಅವಳಿಗೆ ಎಲ್ಲ ಅರ್ಥವಾಯಿತು. ಅರ್ಥವಾಗದಿದ್ದರೆ ಚೆನ್ನಾಗಿತ್ತು.

"ಮತ್ತ ಎತ್ತಿಕೊಂಡ್ರ, ಮುದ್ದು ಮಾಡಿದ್ರ ತಿಳಿಯಂಗಿಲ್ಲೇನ್ರಿ?" ಎಂದು ತುಳಸಮ್ಮ ಕೇಳಿದಳು.

"ತಿಳೀತೈತಿ. ಮುಟ್ಟಿದ್ದು ಹೇಳೋ ನರಕ್ಕ ಬ್ಯಾರೆ ರಸ, ಬ್ಯಾರೆ ಬಾಯಿ. ಅವು ನೆಟ್ಟಗದಾವ. ಮುದ್ದು ತಿಳೀತೈತಿ, ಬೆಂಕಿ ತಿಳಿಯಂಗಿಲ್ಲ. ಬೆವರು ತರಸೋ ನರಾನೂ ಆ ಮೊದಲಿನ ರಸದ ಮ್ಯಾಲೇ ಬದುಕೋವು, ಅದಕ್ಕ ಬೆವರಿಲ್ಲ. ಬ್ಯಾಸಗ್ಯಾಗ ಬರೋದು ಜ್ವರ ಅಲ್ಲ, ಮೈ ಕಾದಿದ್ದು. ನೀರು ಹಾಕಿದ್ರ ಇಳೀತೈತಿ."

ಅಷ್ಟರಲ್ಲಿ ಅವರು ಕೂಸಿನ ಅಂಗಿ ಎತ್ತಿದ್ದರು. ಹೊಕ್ಕುಳ ಸುತ್ತ ಏಳು ಗುಳಿ. ಯಾರು ಹಾಕಿದ್ದು ಎಂದು ಅವರು ಕೇಳಲಿಲ್ಲ. ಸೆರಗಿನಲ್ಲಿ ಮುಖ ಮುಚ್ಚಿಕೊಂಡವಳು ಒಬ್ಬಳೇ ಇದ್ದಳು. "ನಿಮಗ ಸುಟ್ಟ ಗಾಯಕ್ಕ ಗಾಳಿ ತಾಗಿದ್ರೂ ಉರೀತೈತಲ್ಲ?" ಎಂದು ಅವಳನ್ನೇ ಕೇಳಿದರು. "ಗಾಯದಾಗ ಅದs ರಸ ಹೆಚ್ಚಾಗಿ ನರಾನ ಇನ್ನಷ್ಟು ಚುರುಕು ಮಾಡ್ತೈತಿ. ಹುಷಾರಾಗಿರು ಅಂತ ಹೇಳಾಕ. ನಿಮ್ಮ ಮೈಯಾಗ ಆ ಕಾವಲುಗಾರ ಅದಾನ. ಇಕಿಗಿಲ್ಲ. ಇಕಿಗೆ ನೀವs ಕಾವಲು. ದಿನಾ ಸಂಜಿಕ ಮೈ ಪೂರಾ ನೋಡ್ರಿ, ಬೆರಳು ಎಣಸ್ರಿ. ತಿಳುವಳಿಕಿ ಬರೋತನ ಹತ್ತೂ ಬೆರಳು ಉಳಿಸಿಕೊಂಡ್ರ ನೀವು ಗೆದ್ದಂಗ."

ವಾಪಸು ಬರುವಾಗ ಖಾಲಿ ಗಾಡಿಯಲ್ಲಿ ಹಿಕ್ಕೆಗಳ ಮೇಲೆ ಕೂತಿದ್ದರು. ಸೇತುವೆಯ ಮೇಲೆ ತುಳಸಮ್ಮ, ಯಾರ ಮುಖವನ್ನೂ ನೋಡದೆ, "ಮೊದಲಿನ ಹುಡುಗನೂ ಅಳಲಿಲ್ಲಲ್ಲವ್ವ" ಎಂದಳು. ಮೈಲಮ್ಮ ಸೆರಗನ್ನು ಮತ್ತೆ ಮುಖದ ಮೇಲೆ ಎಳೆದುಕೊಂಡಳು. "ನೀರು ಹಾಕಿದ್ರ ಬದುಕ್ತಿದ್ದ" ಎಂದಳು ತುಳಸಮ್ಮ.

ಇಷ್ಟಾದ ಮೇಲೆ ಮೈಲಮ್ಮ ಕಡ್ಡಿ ಬಿಸಾಕಿರಬೇಕು ಎಂದುಕೊಳ್ಳುವವರಿಗೆ ಮೈಲಮ್ಮ ಗೊತ್ತಿಲ್ಲ. ಡಾಕ್ಟರ ಮಾತನ್ನೇ ತನಗೆ ಬೇಕಾದ ಹಾಗೆ ತಿರುಗಿಸಿಕೊಂಡಳು. ತಪ್ಪು ಕೂಸಿನ ನರದ್ದು, ಕಡ್ಡಿಯದ್ದಲ್ಲ. ಬೇರೆ ಕೂಸುಗಳ ನರ ಸರಿಯಿವೆ, ಅವು ಅಳುತ್ತವೆ, ಅವುಗಳ ಜ್ವರ ಹೋಗುತ್ತದೆ. ಅಂಗಳಕ್ಕೆ ಬಂದು ಕೈಮುಗಿಯುವ ಜನರನ್ನು ಬಿಟ್ಟು ಬದುಕುವುದು ಅವಳಿಂದ ಆಗುತ್ತಿರಲಿಲ್ಲ. ಬರೆ ಹಾಕುವಾಗ ಅಖಿಲಾ ಪಕ್ಕದಲ್ಲೇ ಕೂತು ಬೆಲ್ಲದ ಡಬ್ಬಿ ಹಿಡಿದಿರುತ್ತಿದ್ದಳು. ಕೂಸು ಅಳುವುದು, ತಾಯಿಯ ಮುಖ ಅರಳುವುದು, ಅಜ್ಜಿ "ಹೋತು" ಎನ್ನುವುದು, ಇದನ್ನೆಲ್ಲ ಕಣ್ಣರಳಿಸಿ ನೋಡುತ್ತಿದ್ದಳು. ಅಳು ಎಂದರೆ ವಾಸಿಯಾಗುವುದು ಎಂದು ಅವಳು ಕಲಿತಳು.

ಆದರೆ ಮೊಮ್ಮಗಳ ವಿಷಯದಲ್ಲಿ ಮೈಲಮ್ಮ ಒಂದು ದಿನವೂ ತಪ್ಪಲಿಲ್ಲ, ಇದನ್ನೂ ಹೇಳಬೇಕು. ಬೇಸಿಗೆಯಲ್ಲಿ ಗಂಟೆಗೊಮ್ಮೆ ಒದ್ದೆ ಬಟ್ಟೆ ಸುತ್ತುತ್ತಿದ್ದಳು. ರಾತ್ರಿ ನಾಲಿಗೆ ಕಡಿದುಕೊಳ್ಳದ ಹಾಗೆ ಬಾಯಲ್ಲಿ ಬಟ್ಟೆಯ ಸುರುಳಿ ಇಡುತ್ತಿದ್ದಳು. ಸಂಜೆ ಅಂಗಳದಲ್ಲಿ ನಿಲ್ಲಿಸಿ ತಲೆಯಿಂದ ಪಾದದವರೆಗೆ ನೋಡಿ, ಕೈಬೆರಳು ಒಂದೊಂದೇ ಹಿಡಿದು ಎಣಿಸುತ್ತಿದ್ದಳು. ಅಖಿಲಾ ಎಣಿಕೆ ಕಲಿತದ್ದೇ ಹಾಗೆ. "ಹತ್ತು!" ಎಂದು ಇಬ್ಬರೂ ಕೂಗಿದ ಮೇಲೆ ಊಟ.

ಅಳುವುದನ್ನೂ ಕಲಿಸಲು ನೋಡಿದಳು. ಕೆಂಡ ತೋರಿಸಿ, ಕೈ ಸರ್ರನೆ ಹಿಂದೆಳೆದು, ಮುಖ ಕಿವುಚಿ, "ಹಾ! ಸುಡ್ತೈತಿ!" ಎನ್ನುತ್ತಿದ್ದಳು. ಅಖಿಲಾ ಅದೇ ಮುಖ ಮಾಡಿ, ಅದೇ ಸ್ವರದಲ್ಲಿ, "ಹಾ! ಸುಡ್ತೈತಿ!" ಎಂದು ಗಿಲಗಿಲ ನಗುತ್ತಿದ್ದಳು. ಕೆಂಡಕ್ಕೂ ಹೇಳುತ್ತಿದ್ದಳು, ಕೊಡದ ತಣ್ಣೀರಿಗೂ ಹೇಳುತ್ತಿದ್ದಳು, ಅಜ್ಜಿ ಶಾಬಾಸ್ ಎನ್ನಲೆಂದು ಕುರಿಮರಿಯನ್ನು ಮುಟ್ಟಿಯೂ ಹೇಳುತ್ತಿದ್ದಳು. ಓಣಿಯವರಿಗೆ ಇದೊಂದು ತಮಾಷೆ. "ಏನಂತಿ ಅಖಿಲಾ?" ಎಂದು ಕರೆದು ಕರೆದು ಹೇಳಿಸುತ್ತಿದ್ದರು.

ಎರಡು ಸಾವಿರದ ಹದಿನಾಲ್ಕರ ಏಪ್ರಿಲಿನಲ್ಲಿ ಬರೆ ಹಾಕಿಸಿಕೊಳ್ಳಲು ಬಂದವರ ಗಲಾಟೆಯಲ್ಲಿ ಅಖಿಲಾ ಒಲೆಯಿಂದ ಹೊರಗೆ ಎಳೆದ ಕೆಂಡದ ಮೇಲೆ ನಿಂತಿದ್ದಳು. ಬೆಲ್ಲದ ಡಬ್ಬಿ ಹಿಡಿದು ಸುಮ್ಮನೆ ನಿಂತಿದ್ದಳು. ವಾಸನೆ ಬಂದ ಮೇಲೆಯೇ ಎಲ್ಲರೂ ಕೆಳಗೆ ನೋಡಿದ್ದು. ಅವತ್ತು ತುಳಸಮ್ಮ ತಾಯಿಯ ಎದುರು ನಿಂತು, "ಈ ಮನ್ಯಾಗ ಆ ಕಡ್ಡಿ ಇರಬೇಕು, ಇಲ್ಲ ನಾನಿರಬೇಕು" ಎಂದಳು. ಮೈಲಮ್ಮ ಮೊದಲ ಸಲ ಸೋತಳು. ಆದರೆ ಅತ್ತೆ ಕೊಟ್ಟ ಕಬ್ಬಿಣವನ್ನು ತಿಪ್ಪೆಗೆ ಎಸೆಯಲು ಮನಸ್ಸಾಗಲಿಲ್ಲ. ಎಲ್ಲರ ಕಣ್ಣೆದುರಿಗೆ ಅದರ ಹಿಡಿಯ ಕಂಬಳಿ ಚೂರನ್ನು ಬಿಚ್ಚಿ ಒಲೆಗೆ ಹಾಕಿದಳು. "ತಗೋ. ಇನ್ನ ಕಾಸಿದ್ರ ಇದನ್ನ ಹಿಡಿಯೋ ಕೈ ಯಾವದೂ ಇಲ್ಲ" ಎಂದು ಹೇಳಿ ಬೀಸುಕಲ್ಲಿನ ಮೇಲಿನ ಗೋಡೆಗೂಡಿನಲ್ಲಿ ಇಟ್ಟಳು. ಎಲ್ಲರಿಗೂ ಸಮಾಧಾನವಾಯಿತು.

ಜೂನ್ ಎರಡಕ್ಕೆ ತೆಲಂಗಾಣ ಬಂತು. ಯಂಕಣ್ಣ ಬೆಳಗಾಗುವ ಮೊದಲೇ ಮಕ್ತಲಿನ ಮೆರವಣಿಗೆಗೆ ಹೋದ. ಕುರಿಗಳಿಗೆ ರಾಜ್ಯ ಬಂದದ್ದು ಗೊತ್ತಿಲ್ಲ, ಅವು ಮೇಯಬೇಕು. ತುಳಸಮ್ಮ ಅವನ್ನು ಹೊಡೆದುಕೊಂಡು ಹೊರಟಳು. ಮೈಲಮ್ಮನಿಗೆ ಎರಡು ದಿನದಿಂದ ಚಳಿಜ್ವರ, ಕಂಬಳಿ ಹೊದ್ದು ಮಲಗಿದ್ದಳು. ತುಳಸಮ್ಮ ಒಲೆಗೆ ಬೂದಿ ಮುಚ್ಚಿ, ಅಖಿಲಾಗೆ ಒದ್ದೆ ಬಟ್ಟೆ ಸುತ್ತಿ, "ಅಜ್ಜಿಗೆ ಜ್ವರ ಐತಿ, ಅಕಿ ಕಡೇನ ಕೂತಿರು" ಎಂದು ಹೇಳಿಹೋದಳು.

ಅಖಿಲಾ ಅಜ್ಜಿಯ ಹಣೆಯ ಮೇಲೆ ಕೈಯಿಟ್ಟಳು. ಬಿಸಿ ತಿಳಿಯಲಿಲ್ಲ, ಹಣೆ ತಿಳಿಯಿತು. ಅಜ್ಜಿ ನರಳುತ್ತಿದ್ದಳು. ಜ್ವರಕ್ಕೆ ಏನು ಮಾಡಬೇಕೆಂದು ಆ ಮನೆಯಲ್ಲಿ ಅವಳಿಗಿಂತ ಚೆನ್ನಾಗಿ ಕಲಿತವರು ಯಾರಿದ್ದರು? ಬೀಸುಕಲ್ಲು ಹತ್ತಿದಳು.

ಮಂಪರಿನಲ್ಲಿದ್ದ ಮೈಲಮ್ಮನಿಗೆ ಹೊಕ್ಕುಳ ಪಕ್ಕ ಬೆಂಕಿ ಇಟ್ಟ ಹಾಗಾಗಿ ಎಚ್ಚರವಾಯಿತು. ಕಣ್ಣು ಬಿಡುವ ಮೊದಲೇ ಏನೆಂದು ತಿಳಿಯಿತು. ಮೂವತ್ತು ವರ್ಷದ ಕಸುಬಿನಲ್ಲಿ ಮೊದಲ ಬಾರಿಗೆ ಅದರ ಇನ್ನೊಂದು ಬದಿಯಲ್ಲಿದ್ದಳು.

"ಅಳಬೇಕು ಅಜ್ಜಿ. ಅತ್ರ ಹೋಗ್ತೈತಿ" ಎಂದಿತು ಕೂಸಿನ ದನಿ, ತುಂಬ ಕಕ್ಕುಲತೆಯಿಂದ.

ಮೈಲಮ್ಮ ಕೂಗಲಿಲ್ಲ. ಕಂಬಳಿಯ ಅಂಚನ್ನು ಹಲ್ಲಲ್ಲಿ ಕಚ್ಚಿದಳು. ಆಗಲಿ, ಎಂದುಕೊಂಡಳು. ಇವಳಿಗೆ ಹಾಕಿದ್ದು ಏಳು, ಇವಳ ಅಣ್ಣನಿಗೆ ಮೂರು. ಹತ್ತೂ ಆಗಲಿ. ಕೂಸಿನ ಕೈಯಿಂದಲೇ ಆಗಲಿ. ಪಶ್ಚಾತ್ತಾಪದಲ್ಲೂ ಅವಳಿಗೆ ಆ ಹಳೆಯ ಹಟವೇ. ಕಣ್ಣುಮುಚ್ಚಿ ಮಲಗಿದಳು. ಪುಟ್ಟ ಹೆಜ್ಜೆಗಳು ಒಲೆಗೆ ಹೋದವು, ಬೂದಿ ಕೆದಕಿದ ಸದ್ದಾಯಿತು, ಮತ್ತೆ ಬಂದವು. ಎರಡು. ಮತ್ತೆ ಹೋದವು. ಮೂರು. ಬೆವರು ಧಾರೆಯಾಗಿ ಇಳಿಯಿತು. "ಅಜ್ಜಿ ಅಳಾಕ ಒಲ್ಲಿ" ಎಂದು ಅಖಿಲಾ ಮೊಗುಲಮ್ಮನ ಹಾಗೆ ತಲೆಯಲ್ಲಾಡಿಸಿ ಇನ್ನೊಂದಕ್ಕೆ ಹೋದಳು. ನಾಲ್ಕು.

ಐದನೆಯದಕ್ಕೆ ಬಸ್ ಸ್ಟ್ಯಾಂಡಿನ ಕಡೆ ಪಟಾಕಿ ಸರ ಸಿಡಿಯಿತು. ಮೈಲಮ್ಮ ಬೆಚ್ಚಿ ಕಣ್ಣು ಬಿಟ್ಟಳು. ಎದುರಿಗೆ ಕಡ್ಡಿ, ಒಂದೇ ತುದಿಯಲ್ಲ, ಉದ್ದಕ್ಕೂ ಕೆಂಪು. ಕೂಸು ಅದನ್ನು ಇಡೀ ಒಲೆಯೊಳಗೆ ಹುಗಿದು, ಬರಿಗೈಯಿಂದ ಎತ್ತಿಕೊಂಡು ಬಂದಿತ್ತು. ಕಂಬಳಿ ಚೂರು ಇರಲಿಲ್ಲ. ಅದನ್ನು ಬಿಚ್ಚಿ ಸುಟ್ಟವಳು ತಾನೇ. ಪುಟ್ಟ ಬಲಗೈ ಕಬ್ಬಿಣವನ್ನು ಬಿಗಿಯಾಗಿ ಹಿಡಿದಿತ್ತು, ಬೆರಳುಗಳ ನಡುವಿನಿಂದ ಹೊಗೆ ಏಳುತ್ತಿತ್ತು.

ಮೊದಲ ಬರೆಗೇ ಕೂಗಿದ್ದರೆ ಸಾಕಾಗಿತ್ತು. ಕೂಸು ಅಲ್ಲಿಗೇ ನಿಲ್ಲಿಸುತ್ತಿತ್ತು. ಮೈಲಮ್ಮ ತನ್ನ ಪಾಪ ತೊಳೆದುಕೊಳ್ಳುತ್ತ ಮಲಗಿದ ಅಷ್ಟು ಹೊತ್ತೂ ಬೆಂದದ್ದು ಆ ಕೈ. ಅವಳು ಚೀರಿದ ಚೀರಿಗೆ ಪಟಾಕಿಯ ಸದ್ದಿನಲ್ಲೂ ಮೊಗುಲಮ್ಮ ಓಡಿಬಂದಳು.

ಅಖಿಲಾಳ ಮುಖ ಅರಳಿತು. "ಅತ್ತಳು! ಅಜ್ಜಿ ಅತ್ತಳು! ಹೋತು!"

"ಬಿಡು! ಕೈ ಬಿಡs!" ಎಂದು ಮೈಲಮ್ಮ ಕಡ್ಡಿಗೆ ಕೈಹಾಕಿ ಕಿತ್ತಳು. ಬಂದದ್ದು ಕಡ್ಡಿಯೊಂದೇ ಅಲ್ಲ. ಅಜ್ಜಿ ಅಂಗೈ ನೋಡಿ ಎದೆ ಎದೆ ಬಡಿದುಕೊಳ್ಳುವುದನ್ನು ಕಂಡು, ಏನೋ ಹೇಳಬೇಕಾದದ್ದನ್ನು ಮರೆತೆ ಎಂದು ಕೂಸಿಗೆ ಅನಿಸಿರಬೇಕು. ಕೈ ಸರ್ರನೆ ಹಿಂದೆಳೆದುಕೊಂಡು, ಮುಖ ಕಿವುಚಿ, ಕಲಿಸಿದ್ದನ್ನು ಚಾಚೂ ತಪ್ಪದೆ ಹೇಳಿತು: "ಹಾ! ಸುಡ್ತೈತಿ!" ಆಮೇಲೆ ಶಾಬಾಸ್‌ಗಾಗಿ ಅಜ್ಜಿಯ ಮುಖ ನೋಡಿತು.

ರಾಯಚೂರಿನಲ್ಲಿ ಮೂರು ಬೆರಳು ತೆಗೆದರು. ಅದೇ ಡಾಕ್ಟರು ಇದ್ದರು, ಈ ಸಲ ಏನನ್ನೂ ಬಿಡಿಸಿ ಹೇಳಲಿಲ್ಲ. ಯಂಕಣ್ಣ ಕಡ್ಡಿಯನ್ನು ಕೃಷ್ಣೆಗೆ ಎಸೆದ. ಊರವರು ಒಂದು ತಿಂಗಳು ಅಯ್ಯೋ ಅಂದರು, ಆಮೇಲೆ ತಮ್ಮ ಕೂಸುಗಳನ್ನು ಮಕ್ತಲ್ ಕಡೆಯ ಇನ್ನೊಬ್ಬಳ ಹತ್ತಿರ ಒಯ್ಯತೊಡಗಿದರು.

ಮೈಲಮ್ಮನ ಹೊಟ್ಟೆಯ ಮೇಲಿನ ಗಾಯಗಳು ಮಳೆಗಾಲವೆಲ್ಲ ಕಾಡಿದವು. ಸೆರಗು ತಾಗಿದರೂ ಉರಿ, ಗಾಳಿ ಬೀಸಿದರೂ ಉರಿ. ಡಾಕ್ಟರು ಹೇಳಿದ್ದ ಆ ಕಾವಲುಗಾರ ಅವಳ ಮೈಯಲ್ಲಿ ಹಗಲೂ ರಾತ್ರಿ ಎಚ್ಚರವಾಗಿದ್ದ. ಪಕ್ಕದಲ್ಲಿ ಅಖಿಲಾ ಬ್ಯಾಂಡೇಜಿನ ಕೈಯನ್ನೇ ಗೊಂಬೆ ಮಾಡಿಕೊಂಡು ಆಡುತ್ತಿದ್ದಳು.

ಕೈಯ ಬಟ್ಟೆ ಬಿಚ್ಚಿದ ದಿನ ಸಂಜೆ ಕೂಸು ತಾನಾಗಿಯೇ ಬಂದು ಅಂಗಳದಲ್ಲಿ ನಿಂತಿತು. ಮೈಲಮ್ಮ ಎಣಿಸಲು ಕೂತಳು. ಏಳಕ್ಕೆ ಬೆರಳು ಮುಗಿದವು. ಹತ್ತು ಆಗದೆ ಊಟವಿಲ್ಲ ಎಂದು ಅಖಿಲಾಗೆ ಗೊತ್ತು. ಸ್ವಲ್ಪ ಹೊತ್ತು ಯೋಚಿಸಿ, ಅಜ್ಜಿಯ ಕೈ ಎಳೆದುಕೊಂಡು ಅದರ ಬೆರಳು ಹಿಡಿದು ಮುಂದುವರಿಸಿದಳು. "ಎಂಟು, ಒಂಬತ್ತು, ಹತ್ತು! ಅಜ್ಜಿ, ಉಣ್ಣಾಕ ಬಾ" ಎಂದಳು.